ಅಮೆರಿಕದ ಆರಂಭಕಾಲದ ಇತಿಹಾಸ: ಪಠ್ಯಪುಸ್ತಕದಲ್ಲಿ ಕಾಣದವರು, ಆದರೆ ಕಾಗದಪತ್ರದಲ್ಲಿ ಸಿಗುವವರು ಯಾರು?

ಯಾರ್ಕ್ ನದಿತೀರ (ಮೂಲ ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ವರ್ಜೀನಿಯಾಕ್ಕೆ ಬಂದು ಆರು ವರ್ಷಗಳಾದವು. ಎಂಟನೆಯ ತರಗತಿಯಲ್ಲಿರುವ ನನ್ನ ಮಗಳಿಗೆ ಶಾಲೆಯಲ್ಲಿ ಒಂದು ಪ್ರಬಂಧ ಬರೆಯಲು ಹೇಳಿದ್ದಾರೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಆಸುಪಾಸಿನ ಕಾಲದಲ್ಲಿ ಬದುಕಿದ್ದ, ಹೆಚ್ಚು ಜನರಿಗೆ ಪರಿಚಯವಿಲ್ಲದ ಒಬ್ಬರನ್ನು ಆರಿಸಿಕೊಳ್ಳಬೇಕು. ಜೊತೆಗೆ, ಆ ವ್ಯಕ್ತಿಯ ಬಗ್ಗೆ ಅವರ ಜೀವಿತಕಾಲದಲ್ಲಿಯೇ ಹುಟ್ಟಿದ ಒಂದು ದಾಖಲೆಯನ್ನಾದರೂ ತೋರಿಸಬೇಕು. ಮೊದಲನೆಯ ಷರತ್ತು ಸುಲಭ. ಎರಡನೆಯದು ನಮ್ಮಿಬ್ಬರ ನಿದ್ದೆ ಕೆಡಿಸಿದೆ.

ಕಳೆದ ವಾರ ಯಾರ್ಕ್‌ಟೌನ್‌ಗೆ ಹೋಗಿದ್ದೆವು. 1781ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೈನ್ಯ ಆಯುಧ ಕೆಳಗಿಟ್ಟ ಬಯಲು ಅದು. ಅವನಾದರೋ ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ತಾನು ಬಾರದೆ ಓಹಾರಾ ಎಂಬ ಇನ್ನೊಬ್ಬ ಸೇನಾನಿಯನ್ನು ಕಳಿಸಿದ್ದನಂತೆ. ಇದೇ ಮನುಷ್ಯ ಹತ್ತು ವರ್ಷಗಳ ನಂತರ, 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಮಗಳು ಸಮಾಧಾನದಿಂದ ಕೇಳಿ, "ಅಪ್ಪ, ಅವನು ಎಲ್ಲರಿಗೂ ಗೊತ್ತಿರುವವನು, ನನಗೆ ಗೊತ್ತಿಲ್ಲದವರು ಬೇಕು" ಎಂದಳು. ದಯವಿಟ್ಟು ಹೆಸರುಗಳನ್ನು ಸೂಚಿಸಿ.

ಮಲೆನಾಡಿನ ಮೇಷ್ಟ್ರು:

ನೀವು ನಿಂತಿದ್ದ ಆ ಬಯಲಿನಲ್ಲಿಯೇ ನಿಮಗೆ ಬೇಕಾದ ಮನುಷ್ಯನಿದ್ದಾನೆ. ವರ್ಜೀನಿಯಾದ ನ್ಯೂ ಕೆಂಟ್ ಕೌಂಟಿಯಲ್ಲಿ ವಿಲಿಯಂ ಆರ್ಮಿಸ್ಟೆಡ್ ಎಂಬುವನ ಒಡೆತನದಲ್ಲಿದ್ದ ಜೇಮ್ಸ್ ಎಂಬ ಗುಲಾಮ, 1781ರಲ್ಲಿ ಒಡೆಯನ ಒಪ್ಪಿಗೆ ಪಡೆದು ಅಮೆರಿಕನ್ನರ ಪರವಾಗಿ ಹೋರಾಡುತ್ತಿದ್ದ ಫ್ರೆಂಚ್ ಸೇನಾನಿ ಲಫಾಯೆತ್‌ನ ಕೈಕೆಳಗೆ ಬೇಹುಗಾರಿಕೆಗೆ ಸೇರಿದ. ತಪ್ಪಿಸಿಕೊಂಡು ಬಂದ ಗುಲಾಮನಂತೆ ನಟಿಸಿ ಅವನು ಬ್ರಿಟಿಷರ ಪಾಳೆಯವನ್ನು ಹೊಕ್ಕ. ಊಳಿಗದವನ ಎದುರಿನಲ್ಲಿ ದೊಡ್ಡ ಅಧಿಕಾರಿಗಳು ದನಿ ತಗ್ಗಿಸಿ ಮಾತನಾಡುವ ರೂಢಿ ಯಾವ ದೇಶದಲ್ಲಿಯೂ ಇಲ್ಲ. ಬ್ರಿಟಿಷರಿಗೆ ಅವನ ಮೇಲೆ ಎಷ್ಟು ನಂಬಿಕೆ ಹುಟ್ಟಿತೆಂದರೆ, ಅಮೆರಿಕನ್ನರ ಸುದ್ದಿ ತರಲು ಅವನನ್ನೇ ನೇಮಿಸಿದರು. ಅವನು ಆ ಕಡೆಯ ಸುದ್ದಿಯನ್ನು ಈ ಕಡೆಗೆ ನಿಜವಾಗಿಯೂ, ಈ ಕಡೆಯದನ್ನು ಆ ಕಡೆಗೆ ತನಗೆ ಬೇಕಾದಂತೆಯೂ ಸಾಗಿಸುತ್ತಿದ್ದ.

ಯುದ್ಧ ಗೆದ್ದ ಮೇಲೆ ನಡೆದದ್ದು ಇನ್ನೂ ಮುಖ್ಯ. ಒಡೆಯನ ಬದಲಿಗೆ ಸೈನಿಕನಾಗಿ ದುಡಿದ ಗುಲಾಮರಿಗೆ ಬಿಡುಗಡೆ ನೀಡುವ ಕಾನೂನನ್ನು ವರ್ಜೀನಿಯಾ 1783ರಲ್ಲಿ ಮಾಡಿತು. ಆದರೆ ಜೇಮ್ಸ್ ಸೈನಿಕನಲ್ಲ, ಬೇಹುಗಾರ. ಕೋವಿ ಹಿಡಿದವನಿಗೆ ಬಿಡುಗಡೆ, ಕಿವಿಯಿಟ್ಟು ಕೇಳಿದವನಿಗೆ ಮತ್ತೆ ಗುಲಾಮಗಿರಿ. 1784ರಲ್ಲಿ ಲಫಾಯೆತ್ ಅವನ ಸೇವೆಯನ್ನು ಹೊಗಳಿ ತನ್ನ ಕೈಯಾರೆ ಒಂದು ಪ್ರಮಾಣಪತ್ರ ಬರೆದುಕೊಟ್ಟ. ಅದನ್ನು ಲಗತ್ತಿಸಿ ಸಲ್ಲಿಸಿದ ಅರ್ಜಿಯ ಮೇರೆಗೆ, 1787ರ ಜನವರಿಯಲ್ಲಿ ಶಾಸನಸಭೆ ಒಡೆಯನಿಗೆ ಬೆಲೆ ಕೊಟ್ಟು ಅವನನ್ನು ಬಿಡುಗಡೆ ಮಾಡಿತು. ನಿಮ್ಮ ಮಗಳಿಗೆ ಬೇಕಾದ ಸಮಕಾಲೀನ ದಾಖಲೆ ಆ ಪ್ರಮಾಣಪತ್ರವೇ.

ಬೆಳಗಿನ ಕಾಫಿ:

ಹೆಣ್ಣುಮಗಳು ಬರೆಯುವ ಪ್ರಬಂಧಕ್ಕೆ ಹೆಣ್ಣುಮಗಳ ಕಥೆಯೇ ಇದ್ದರೆ ಚೆನ್ನಲ್ಲವೇ? ಸಿಬಿಲ್ ಲುಡಿಂಗ್ಟನ್ ಎಂಬ ಹದಿನಾರು ವರ್ಷದ ಹುಡುಗಿ, 1777ರ ಏಪ್ರಿಲ್ 26ರ ರಾತ್ರಿ, ಬ್ರಿಟಿಷರು ಕನೆಕ್ಟಿಕಟ್‌ನ ಡ್ಯಾನ್‌ಬರಿ ಊರನ್ನು ಸುಡುತ್ತಿದ್ದಾಗ, ತನ್ನ ತಂದೆಯ ಸೈನಿಕರನ್ನು ಒಟ್ಟುಗೂಡಿಸಲು ಮಳೆಯಲ್ಲಿ ನಲವತ್ತು ಮೈಲಿ ಕುದುರೆ ಓಡಿಸಿದಳು. ಇದು, 1775ರಲ್ಲಿ ಬ್ರಿಟಿಷರು ಬರುತ್ತಿದ್ದಾರೆಂದು ರಾತ್ರಿ ಕುದುರೆಯೇರಿ ಊರೂರನ್ನು ಎಚ್ಚರಿಸಿದ ಪಾಲ್ ರಿವಿಯರ್ ಓಡಿಸಿದ ದೂರಕ್ಕಿಂತ ಹೆಚ್ಚು. ಆದರೂ ಹಾಡಿ ಹೊಗಳಿದ್ದು ರಿವಿಯರ್‌ನನ್ನು ಮಾತ್ರ.

ಕಡತಪ್ರಿಯ:

ಕ್ಷಮಿಸಿ, ಕಾಫಿಯವರೇ. ಕಥೆ ಸೊಗಸಾಗಿದೆ, ಆದರೆ ಶಿಕ್ಷಕರ ಎರಡನೆಯ ಷರತ್ತಿನಲ್ಲಿ ಈ ಕುದುರೆ ಎಡವುತ್ತದೆ. ಸಿಬಿಲ್ ಎಂಬ ಹುಡುಗಿ ಇದ್ದದ್ದು ನಿಜ, ಅವಳ ತಂದೆ ಹೆನ್ರಿ ಲುಡಿಂಗ್ಟನ್ ಕರ್ನಲ್ ಆಗಿದ್ದದ್ದೂ ನಿಜ. ಆ ರಾತ್ರಿಯ ಸವಾರಿಯ ಪ್ರಸ್ತಾಪ ಮಾತ್ರ ಅಚ್ಚಿನಲ್ಲಿ ಮೊದಲು ಕಾಣಿಸಿಕೊಳ್ಳುವುದು 1880ರಲ್ಲಿ, ಅಂದರೆ ಘಟನೆ ನಡೆದು ನೂರಾಮೂರು ವರ್ಷಗಳಾದ ಮೇಲೆ. ಇತಿಹಾಸಕಾರರು ಇದನ್ನು ಅನುಮಾನದಿಂದ ನೋಡುವುದಕ್ಕೆ ಇದೇ ಕಾರಣ.

ಬೆಟ್ಸಿ ರಾಸ್ ಮೊದಲ ಧ್ವಜವನ್ನು ಹೊಲಿದಳೆಂಬ ಕಥೆಯೂ ಇದೇ ಜಾತಿಯದು. ಅದನ್ನು ಮೊದಲು ಬಹಿರಂಗವಾಗಿ ಹೇಳಿದವನು ಅವಳ ಮೊಮ್ಮಗ, 1870ರಲ್ಲಿ. ಇದಕ್ಕೆ ಪ್ರತಿಯಾಗಿ, ಫ್ರಾನ್ಸಿಸ್ ಹಾಪ್ಕಿನ್‌ಸನ್ ಎಂಬುವನು ಧ್ವಜದ ವಿನ್ಯಾಸಕ್ಕೆ ಪ್ರತಿಫಲವಾಗಿ ಸರ್ಕಾರಿ ಉಗ್ರಾಣದಿಂದ ಒಂದಿಷ್ಟು ವೈನ್ ಕೊಡಿಸಬೇಕೆಂದು 1780ರಲ್ಲಿ ಕೇಳಿದ ಪತ್ರ ಇಂದಿಗೂ ಇದೆ. ಅವನಿಗೆ ವೈನೂ ಸಿಗಲಿಲ್ಲ, ಹಣವೂ ಸಿಗಲಿಲ್ಲ, ಹೆಸರಂತೂ ಸಿಗಲೇ ಇಲ್ಲ.

ಬೆಳಗಿನ ಕಾಫಿ:

ಸಿಬಿಲ್ ಹೆಸರಿನಲ್ಲಿ 1975ರಲ್ಲಿ ಅಮೆರಿಕ ಸರ್ಕಾರವೇ ಅಂಚೆಚೀಟಿ ಹೊರಡಿಸಿದೆ, ನ್ಯೂಯಾರ್ಕ್ ರಾಜ್ಯದ ಕಾರ್ಮೆಲ್‌ನಲ್ಲಿ ಕುದುರೆಯ ಮೇಲೆ ಕುಳಿತ ಪ್ರತಿಮೆಯೂ ಇದೆ. ಇದೆಲ್ಲವೂ ಗಾಳಿಯಿಂದ ಹುಟ್ಟಿತೇ?

ಕಡತಪ್ರಿಯ:

ಪ್ರತಿಮೆ 1961ರದು, ಅಂಚೆಚೀಟಿ 1975ರದು. ಅವೆರಡೂ ಇಪ್ಪತ್ತನೆಯ ಶತಮಾನದ ಜನ ಏನನ್ನು ನಂಬಲು ಬಯಸಿದರು ಎಂಬುದಕ್ಕೆ ಉತ್ತಮ ಸಾಕ್ಷಿಗಳು, 1777ಕ್ಕೆ ಅಲ್ಲ. ಅಂದ ಹಾಗೆ, ರಿವಿಯರ್‌ನ ಖ್ಯಾತಿಯೂ 1860ರಲ್ಲಿ ಲಾಂಗ್‌ಫೆಲೋ ಬರೆದ ಕವಿತೆಯಿಂದ ಊದಿಕೊಂಡದ್ದೇ ಆಗಿದೆ. ಅವನು ಕಾಂಕರ್ಡ್ ಊರನ್ನು ತಲುಪಲೇ ಇಲ್ಲ, ದಾರಿಯಲ್ಲಿಯೇ ಬ್ರಿಟಿಷರ ಕೈಗೆ ಸಿಕ್ಕಿಬಿದ್ದ. ಊರು ಮುಟ್ಟಿ ಎಚ್ಚರಿಸಿದವನು ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಎಂಬ ವೈದ್ಯ. ಪದ್ಯದಲ್ಲಿ ಅವನಿಗೆ ಸ್ಥಾನವಿಲ್ಲ.

ಕಡಲತಡಿ:

ಮೂಲ ಪ್ರಶ್ನೆ ಕೇಳಿದವರು ಕಾರ್ನ್‌ವಾಲಿಸನ ಎಳೆ ಹಿಡಿದಿದ್ದಾರೆ, ಆದರೆ ಅದಕ್ಕಿಂತ ಗಟ್ಟಿಯಾದ ಒಂದು ನಂಟನ್ನು ಬಿಟ್ಟಿದ್ದಾರೆ. 1782ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಡೆಲವೇರ್ ಕೊಲ್ಲಿಯ ವ್ಯಾಪಾರಿ ಹಡಗುಗಳ ರಕ್ಷಣೆಗಾಗಿ ಸಜ್ಜುಗೊಳಿಸಿದ ಹಡಗಿನ ಹೆಸರು ಏನು ಗೊತ್ತೇ? "ಹೈದರ್ ಆಲಿ". ನಮ್ಮ ಮೈಸೂರಿನ ಹೈದರನೇ. ಬ್ರಿಟಿಷರನ್ನು 1780ರಲ್ಲಿ ಪೊಲ್ಲಿಲೂರಿನಲ್ಲಿ ನುಚ್ಚುನೂರು ಮಾಡಿದವನ ಹೆಸರು ಫಿಲಡೆಲ್ಫಿಯಾದ ಬಂದರಿನವರೆಗೂ ತಲುಪಿತ್ತು.

ಅದರ ಕಪ್ತಾನ ಜೋಶುವಾ ಬಾರ್ನಿಗೆ ಆಗ ಇಪ್ಪತ್ತೆರಡೇ ವರ್ಷ. ಏಪ್ರಿಲ್ 8ರಂದು, ತನ್ನದಕ್ಕಿಂತ ಬಲವಾದ ತೋಪುಗಳಿದ್ದ "ಜನರಲ್ ಮಂಕ್" ಎಂಬ ಬ್ರಿಟಿಷ್ ಹಡಗು ಎದುರಾದಾಗ ಅವನು ಒಂದು ಯುಕ್ತಿ ಹೂಡಿದ. ತಾನು ಗಟ್ಟಿಯಾಗಿ ಕೂಗಿ ಯಾವ ಕಡೆಗೆ ತಿರುಗಿಸು ಎನ್ನುತ್ತೇನೋ ಅದರ ವಿರುದ್ಧ ದಿಕ್ಕಿಗೆ ತಿರುಗಿಸಬೇಕೆಂದು ಚುಕ್ಕಾಣಿ ಹಿಡಿದವನಿಗೆ ಮೊದಲೇ ಹೇಳಿಟ್ಟಿದ್ದ. ಕೂಗನ್ನು ಕೇಳಿಸಿಕೊಂಡ ಬ್ರಿಟಿಷರು ಅದಕ್ಕೆ ತಕ್ಕಂತೆ ತಮ್ಮ ಹಡಗನ್ನು ತಿರುಗಿಸಿದರು. ಅದರ ಮುಂದಿನ ತೊಲೆ ಬಂದು ಹೈದರ್ ಆಲಿಯ ಹಗ್ಗಗಳಲ್ಲಿ ಸಿಕ್ಕಿಹಾಕಿಕೊಂಡಿತು. ಬಾರ್ನಿ ಅದನ್ನು ಬಿಗಿಯಾಗಿ ಕಟ್ಟಿಸಿ, ಪಕ್ಕದಿಂದ ತೋಪು ಹಾರಿಸಿದ. ಅರ್ಧ ಗಂಟೆಯೊಳಗೆ ಯುದ್ಧ ಮುಗಿಯಿತು. ಫಿಲಿಪ್ ಫ್ರೆನೋ ಎಂಬ ಕವಿ ಅದೇ ವರ್ಷ ಈ ಹಡಗಿನ ಮೇಲೆ ಪದ್ಯ ಬರೆದು, ತನ್ನ ನಾಡಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಳ್ಳುತ್ತಿರುವ ಪೂರ್ವದೇಶದ ರಾಜನಿಂದ ಇದಕ್ಕೆ ಹೆಸರು ಬಂದಿದೆ ಎಂದು ಹೇಳಿದ್ದಾನೆ. ಆ ವರ್ಷದ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ.

ಇನ್ನೊಂದು ಮಾತು, ಇದು ನಮ್ಮೂರಿಗೆ ಸಂಬಂಧಿಸಿದ್ದು. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಯನ್ನು ಮುತ್ತಿದ್ದಾಗ ಅವನ ಜೊತೆ ಫ್ರೆಂಚ್ ಪಡೆಯೂ ಇತ್ತು. ಅಮೆರಿಕದ ಯುದ್ಧದಿಂದ ಹೊತ್ತಿಕೊಂಡಿದ್ದ ಜಗಳವನ್ನು ಫ್ರಾನ್ಸ್ ಮತ್ತು ಇಂಗ್ಲೆಂಡ್ ಯೂರೋಪಿನಲ್ಲಿ ಕೈಬಿಟ್ಟ ಸುದ್ದಿ ತಲುಪುತ್ತಿದ್ದಂತೆ ಆ ಪಡೆ ಮುತ್ತಿಗೆಯಿಂದ ಹಿಂದೆ ಸರಿಯಿತು. ಯಾರ್ಕ್‌ಟೌನ್‌ನಲ್ಲಿ ಹಾರಿದ ಕಿಡಿಯ ಬಿಸಿ ನೇತ್ರಾವತಿಯ ದಡಕ್ಕೂ ತಟ್ಟಿತ್ತು ಎನ್ನಬಹುದು.

ಒಗ್ಗರಣೆ:

ಕಡಲತಡಿಯವರೇ, ಅವರು ಕೇಳಿದ್ದು ವ್ಯಕ್ತಿಯನ್ನು, ಹಡಗನ್ನಲ್ಲ.

ಕಡಲತಡಿ:

ಬಾರ್ನಿ ವ್ಯಕ್ತಿಯೇ ಅಲ್ಲವೇ, ಸ್ವಾಮಿ? ಹಡಗಿನ ಹೆಸರು ಕೇಳಿ ನಿಮಗೂ ಮೈ ನವಿರೆದ್ದಿತ್ತು ಎಂದು ಒಪ್ಪಿಕೊಳ್ಳಿ.

ಊರ ಡಾಕ್ಟರು:

ಯುದ್ಧದ ಆಸುಪಾಸು ಎಂಬ ಮಾತನ್ನು ಸ್ವಲ್ಪ ಸಡಿಲಿಸಲು ಶಿಕ್ಷಕರು ಒಪ್ಪುವುದಾದರೆ, ನನ್ನ ಆಯ್ಕೆ ಓನೆಸಿಮಸ್. 1706ರಲ್ಲಿ ಬಾಸ್ಟನ್ನಿನ ಪಾದ್ರಿ ಕಾಟನ್ ಮ್ಯಾದರ್‌ಗೆ ಅವನ ಸಭೆಯವರು ಕಾಣಿಕೆಯಾಗಿ ಕೊಟ್ಟ ಆಫ್ರಿಕದ ಗುಲಾಮ ಇವನು. ನಿನಗೆ ಸಿಡುಬು ಬಂದಿತ್ತೇ ಎಂದು ಪಾದ್ರಿ ಕೇಳಿದಾಗ, ಬಂದಿತ್ತು ಎಂದೂ ಹೇಳಬಹುದು, ಬಂದಿಲ್ಲ ಎಂದೂ ಹೇಳಬಹುದು ಎಂಬರ್ಥದ ಉತ್ತರ ಕೊಟ್ಟು, ತನ್ನ ನಾಡಿನಲ್ಲಿ ಸಿಡುಬಿನ ಕೀವನ್ನು ತೋಳಿನ ಗಾಯಕ್ಕೆ ಸವರಿ ರೋಗವನ್ನು ಹಗುರಾಗಿ ಬರಿಸುವ ಕ್ರಮವನ್ನು ವಿವರಿಸಿ, ಗಾಯದ ಗುರುತನ್ನೂ ತೋರಿಸಿದ.

1721ರಲ್ಲಿ ಬಾಸ್ಟನ್‌ಗೆ ಸಿಡುಬು ಬಂದಾಗ ಮ್ಯಾದರ್ ಹೇಳಿದ ಈ ಮಾತನ್ನು ಒಬ್ಬನೇ ಒಬ್ಬ ವೈದ್ಯ ಕಿವಿಗೆ ಹಾಕಿಕೊಂಡ. ಜ್ಯಾಬ್ಡಿಯಲ್ ಬೊಯ್ಲ್‌ಸ್ಟನ್ ತನ್ನ ಆರು ವರ್ಷದ ಮಗನಿಗೂ, ಮನೆಯ ಗುಲಾಮನಿಗೂ, ಆ ಗುಲಾಮನ ಪುಟ್ಟ ಮಗನಿಗೂ ಮೊದಲು ಪ್ರಯೋಗ ಮಾಡಿದ. ಊರು ಎದ್ದುನಿಂತಿತು, ಮ್ಯಾದರನ ಮನೆಯ ಕಿಟಕಿಯಿಂದ ಬಾಂಬ್ ಕೂಡ ಎಸೆದರು, ಪುಣ್ಯಕ್ಕೆ ಸಿಡಿಯಲಿಲ್ಲ. ಸುಮಾರು 11,000 ಜನರಿದ್ದ ಊರಿನಲ್ಲಿ 5,900 ಮಂದಿಯಷ್ಟು ರೋಗ ತಗುಲಿಸಿಕೊಂಡರು, 844 ಮಂದಿ ಸತ್ತರು, ಅಂದರೆ ಏಳಕ್ಕೊಬ್ಬರು. ಬೊಯ್ಲ್‌ಸ್ಟನ್ ಕೀವು ಹಾಕಿದ 240ಕ್ಕೂ ಹೆಚ್ಚು ಮಂದಿಯಲ್ಲಿ ಸತ್ತವರು ಆರು. ಅಂಕಿಗಳನ್ನು ಹೀಗೆ ಅಕ್ಕಪಕ್ಕದಲ್ಲಿಟ್ಟು ಚಿಕಿತ್ಸೆಯನ್ನು ಅಳೆದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಇದನ್ನು ಲಸಿಕೆ ಎಂದು ಬರೆಯಬೇಡಿ. ಹಸುವಿನ ಸಿಡುಬಿನಿಂದ ಜೆನ್ನರ್ ಲಸಿಕೆ ಮಾಡಿದ್ದು 1796ರಲ್ಲಿ. ಇದು ಮನುಷ್ಯರ ಸಿಡುಬನ್ನೇ ಹಚ್ಚುವ ಹಳೆಯ ಪದ್ಧತಿ, ಬಂಗಾಳದಲ್ಲಿಯೂ ಇತ್ತು.

ಬೆಳಗಿನ ಕಾಫಿ:

ಡಾಕ್ಟರೇ, ಇದಕ್ಕೆ ಸೇರಿಸಬೇಕಾದ ಒಂದು ವಿಷಯವಿದೆ. ಆಗ ಈ ಪದ್ಧತಿಯನ್ನು ಗೇಲಿ ಮಾಡಿದ ಪತ್ರಿಕೆಯನ್ನು ನಡೆಸುತ್ತಿದ್ದವನು ಜೇಮ್ಸ್ ಫ್ರಾಂಕ್ಲಿನ್, ಬೆಂಜಮಿನ್ ಫ್ರಾಂಕ್ಲಿನ್ನನ ಅಣ್ಣ; ತಮ್ಮನೂ ಅದೇ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ. 1736ರಲ್ಲಿ ಬೆಂಜಮಿನ್‌ನ ನಾಲ್ಕು ವರ್ಷದ ಮಗ ಸಿಡುಬಿನಿಂದ ಸತ್ತ. ಕೀವು ಹಾಕಿಸದೆ ಹೋದೆನಲ್ಲ ಎಂದು ತಂದೆ ತನ್ನ ಆತ್ಮಕಥೆಯಲ್ಲಿ ಪಶ್ಚಾತ್ತಾಪಪಟ್ಟು ಬರೆದಿದ್ದಾನೆ. ಸಿಬಿಲ್‌ಗಾಗಿ ಬೈಸಿಕೊಂಡ ಮೇಲೆ ಈ ಸಲ ದಾಖಲೆ ನೋಡಿಕೊಂಡೇ ಬಂದಿದ್ದೇನೆ, ಕಡತಪ್ರಿಯರು ಗಮನಿಸಬೇಕು.

ಕಡತಪ್ರಿಯ:

ಗಮನಿಸಿದೆ, ಸರಿಯಾಗಿದೆ. ಓನೆಸಿಮಸ್ ಬಗ್ಗೆ ಒಂದೇ ಎಚ್ಚರಿಕೆ: ಅವನು ಹೇಳಿದ್ದೆಲ್ಲವೂ ನಮಗೆ ಸಿಕ್ಕಿರುವುದು ಮ್ಯಾದರ್ 1716ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಂಥ ಪತ್ರಗಳಿಂದ. ದಾಖಲೆ ಸಮಕಾಲೀನವೇ, ಆದರೆ ಲೇಖನಿ ಒಡೆಯನದು.

ಬಿಳಿಜೋಳ:

ಇಲ್ಲಿಯೇ ನನ್ನ ತಕರಾರು ಶುರುವಾಗುತ್ತದೆ. ಬರೆದಿಟ್ಟದ್ದು ಮಾತ್ರ ಇತಿಹಾಸ ಎಂದರೆ, ಬರೆಯದೆ ನೆನಪಿನಲ್ಲಿ ಉಳಿಸಿಕೊಂಡ ಜನರು ಎಲ್ಲಿಗೆ ಹೋಗಬೇಕು? ಒನೈಡಾ ಎಂಬ ಮೂಲನಿವಾಸಿ ಜನಾಂಗ ಅಮೆರಿಕನ್ನರ ಪರವಾಗಿ ಹೋರಾಡಿತು. 1777ರ ಆಗಸ್ಟ್‌ನಲ್ಲಿ ಒರಿಸ್ಕನಿ ಕಾಳಗದಲ್ಲಿ ಅವರಿದ್ದರು. 1778ರ ವಸಂತದಲ್ಲಿ ವ್ಯಾಲಿ ಫೋರ್ಜ್‌ನಲ್ಲಿದ್ದ ಅಮೆರಿಕನ್ನರ ಪಾಳೆಯಕ್ಕೆ ಅವರ ಸುಮಾರು ಐವತ್ತು ಯೋಧರು ಬಂದು, ಮೇ ತಿಂಗಳಲ್ಲಿ ಬ್ಯಾರನ್ ಹಿಲ್‌ನಲ್ಲಿ ಲಫಾಯೆತ್‌ನ ಪಡೆಯ ಜೊತೆ ನಿಂತರು. ಅವರೊಂದಿಗೆ ಬಂದ ಪಾಲಿ ಕೂಪರ್ ಎಂಬ ಹೆಂಗಸು, ಹಸಿದಿದ್ದ ಸೈನಿಕರಿಗೆ ಬಿಳಿಯ ಮೆಕ್ಕೆಜೋಳವನ್ನು ಬೇಯಿಸಿ ತಿನ್ನುವುದನ್ನು ಕಲಿಸಿದಳೆಂದು ಒನೈಡಾ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಕೂಲಿಯನ್ನು ನಿರಾಕರಿಸಿದ ಆಕೆಗೆ ಒಂದು ಶಾಲನ್ನು ಕೊಟ್ಟರೆಂದೂ, ಆ ಶಾಲು ಇಂದಿಗೂ ಅವರಲ್ಲಿಯೇ ಇದೆಯೆಂದೂ ಹೇಳುತ್ತಾರೆ.

ಇಷ್ಟು ನೆರವಾದವರಿಗೆ ಸಿಕ್ಕಿದ್ದೇನು? ಒಂದು ಕಾಲಕ್ಕೆ ಅರವತ್ತು ಲಕ್ಷ ಎಕರೆಯಷ್ಟಿತ್ತೆನ್ನುವ ಅವರ ನೆಲ ಇಪ್ಪತ್ತನೆಯ ಶತಮಾನದ ಆರಂಭಕ್ಕೆ 32 ಎಕರೆಗೆ ಇಳಿದಿತ್ತು. ಆ ಭೂಮಿಯ ವರ್ಗಾವಣೆಗಳೆಲ್ಲ ಕಾಗದದ ಮೇಲೆ ಅಚ್ಚುಕಟ್ಟಾಗಿ ದಾಖಲಾಗಿವೆ, ಕಡತಪ್ರಿಯರೇ.

ಕಡತಪ್ರಿಯ:

ನಿಮ್ಮ ಕೊನೆಯ ವಾಕ್ಯ ಚುಚ್ಚುವಂತಿದೆ, ಒಪ್ಪುತ್ತೇನೆ. ಆದರೆ ಒಂದು ಕುಟುಂಬದವರು ನೂರು ವರ್ಷದ ನಂತರ ಹೇಳಿದ ಸಿಬಿಲ್‌ಳ ಕಥೆಯನ್ನು ತಳ್ಳಿಹಾಕಿ, ಪಾಲಿ ಕೂಪರಳ ಕಥೆಯನ್ನು ಹಾಗೆಯೇ ಸ್ವೀಕರಿಸಿದರೆ ತಕ್ಕಡಿ ಎರಡಾಗುವುದಿಲ್ಲವೇ?

ಬಿಳಿಜೋಳ:

ತಕ್ಕಡಿ ಎರಡೇ ಇರಬೇಕು. ಲುಡಿಂಗ್ಟನ್ ಕುಟುಂಬಕ್ಕೆ ಓದುಬರಹ ಬರುತ್ತಿತ್ತು, ಸುತ್ತಮುತ್ತ ಪತ್ರಿಕೆಗಳಿದ್ದವು, ಕರ್ನಲ್‌ನ ಕಾಗದಪತ್ರಗಳಿದ್ದವು. ಬರೆಯುವ ಅಭ್ಯಾಸವಿದ್ದವರು ನೂರು ವರ್ಷ ಸುಮ್ಮನಿದ್ದರೆ ಅದು ಅನುಮಾನಕ್ಕೆ ಕಾರಣ. ಬಾಯಿಮಾತಿನಲ್ಲಿಯೇ ಎಲ್ಲವನ್ನೂ ಕಾಪಾಡುವ ಸಮುದಾಯದಲ್ಲಿ ಕಾಗದವಿಲ್ಲದಿರುವುದು ಸಹಜ ಸ್ಥಿತಿ. ಲಾವಣಿಕಾರನ ಹತ್ತಿರ ರಸೀದಿ ಕೇಳುತ್ತೀರಾ?

ಮಲೆನಾಡಿನ ಮೇಷ್ಟ್ರು:

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೆ ಮಗುವಿನ ಪ್ರಬಂಧಕ್ಕೆ ಅಂಕ ಕೊಡುವವರು ನಾವಲ್ಲ. ಸಮಕಾಲೀನ ದಾಖಲೆಯಿದ್ದು, ಅದು ಒಡೆಯನ ಲೇಖನಿಯಿಂದ ಬಂದದ್ದಾದರೂ ಒಡೆಯನ ವಿರುದ್ಧವೇ ಸಾಕ್ಷಿ ಹೇಳುವಂಥ ಉದಾಹರಣೆ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ರಾತ್ರಿಪಾಳಿ:

ಮೇಷ್ಟ್ರು ಕೇಳಿದ್ದು ನನ್ನ ಬಳಿ ಇದೆ. 1796ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಅಧ್ಯಕ್ಷರ ಮನೆಯಿಂದ ಓನಿ ಜಡ್ಜ್ ಎಂಬ ಹುಡುಗಿ ಓಡಿಹೋಗಿದ್ದಾಳೆ, ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಬಹುಮಾನ. ಅಧ್ಯಕ್ಷರೆಂದರೆ ಜಾರ್ಜ್ ವಾಷಿಂಗ್ಟನ್ ಅವರು. ಅವಳು ಓಡಿಹೋಗುವಂಥ ಯಾವ ಕಾರಣವೂ ಇರಲಿಲ್ಲ ಎಂದು ಆ ಜಾಹೀರಾತಿನಲ್ಲಿಯೇ ಬರೆದಿದೆ.

ಕಾರಣ ಹೀಗಿತ್ತು. ಹೊರರಾಜ್ಯದಿಂದ ತಂದ ಗುಲಾಮರು ಸತತವಾಗಿ ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿ ಇದ್ದರೆ ಬಿಡುಗಡೆ ಪಡೆಯಬಹುದೆಂದು ಅಲ್ಲಿಯ 1780ರ ಕಾನೂನು ಹೇಳುತ್ತಿತ್ತು. ವಾಷಿಂಗ್ಟನ್ ಅವರ ಮನೆಯವರು ಅವಧಿ ತುಂಬುವ ಮೊದಲೇ ಗುಲಾಮರನ್ನು ರಾಜ್ಯದ ಗಡಿ ದಾಟಿಸಿ ಮತ್ತೆ ಕರೆತರುತ್ತಿದ್ದರು. ಇದರ ಮೇಲೆ, ತನ್ನನ್ನು ಮಾರ್ಥಾ ವಾಷಿಂಗ್ಟನ್ ಅವರ ಮೊಮ್ಮಗಳಿಗೆ ಉಡುಗೊರೆಯಾಗಿ ಕೊಡಲಿದ್ದಾರೆಂದು ಅವಳಿಗೆ ತಿಳಿಯಿತು. ಮನೆಯವರು ಊಟಕ್ಕೆ ಕುಳಿತಿದ್ದಾಗ ಅವಳು ಹೊರನಡೆದು, "ನ್ಯಾನ್ಸಿ" ಎಂಬ ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರ್‌ನ ಪೋರ್ಟ್ಸ್‌ಮತ್ ತಲುಪಿದಳು. ಕಪ್ತಾನ ಸಾಯುವವರೆಗೂ ಅವನ ಹೆಸರನ್ನು ಅವಳು ಯಾರಿಗೂ ಹೇಳಲಿಲ್ಲ. ವಾಷಿಂಗ್ಟನ್ ಅವರು ಅಲ್ಲಿಯ ಸುಂಕದ ಅಧಿಕಾರಿಯ ಮೂಲಕ ಹೇಳಿಸಿದರು, 1799ರಲ್ಲಿ ಬಂಧುವೊಬ್ಬರನ್ನೂ ಕಳಿಸಿದರು. ಅವಳು ಸಿಗಲಿಲ್ಲ. 1848ರಲ್ಲಿ ಸಾಯುವವರೆಗೂ ಕಾನೂನಿನ ಲೆಕ್ಕದಲ್ಲಿ ಅವಳು ತಲೆತಪ್ಪಿಸಿಕೊಂಡ ಗುಲಾಮಳಾಗಿಯೇ ಉಳಿದಳು. ಮುಪ್ಪಿನಲ್ಲಿ ಇಬ್ಬರು ಪತ್ರಕರ್ತರು ಬಂದು ಅವಳ ಮಾತುಗಳನ್ನು ಬರೆದುಕೊಂಡು ಪ್ರಕಟಿಸಿದರು. ಹೀಗೆ ಒಡೆಯನ ಜಾಹೀರಾತೂ ಇದೆ, ಅವಳ ಉತ್ತರವೂ ಇದೆ.

ಒಗ್ಗರಣೆ:

ರಾತ್ರಿಪಾಳಿಯವರೇ, ವಿಷಯ ಚೆನ್ನಾಗಿದೆ, ಆದರೆ ನಿಮ್ಮ ವ್ಯಾಕರಣ ಗಮನಿಸಿದಿರಾ? ಗುಲಾಮಳನ್ನು ಹಿಡಿಸಲು ಹೊರಟವರು "ವಾಷಿಂಗ್ಟನ್ ಅವರು", ತಪ್ಪಿಸಿಕೊಂಡು ಬದುಕಿದವಳು ಬರೀ "ಅವಳು". ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತಿತ್ತು. ನಮ್ಮ ಭಾಷೆ ಎಲ್ಲವನ್ನೂ ಹೊರಹಾಕುತ್ತದೆ.

ರಾತ್ರಿಪಾಳಿ:

ಅಯ್ಯೋ, ನಿಜ. ಗೊತ್ತಿಲ್ಲದೆಯೇ ಬಂದುಬಿಟ್ಟಿದೆ. ಓನಾ ಜಡ್ಜ್ ಅವರ ಕ್ಷಮೆ ಕೇಳುತ್ತೇನೆ.

ಮಲೆನಾಡಿನ ಮೇಷ್ಟ್ರು:

ಇತಿಹಾಸ ಬರೆಯುವಾಗ ಎಲ್ಲರನ್ನೂ ಏಕವಚನದಲ್ಲಿ ಕರೆಯುವುದು ನನ್ನ ಹಳೆಯ ರೂಢಿ; ಹೈದರ್, ಕಾರ್ನ್‌ವಾಲಿಸ್, ಜೇಮ್ಸ್, ಎಲ್ಲರಿಗೂ ಒಂದೇ ಪಂಕ್ತಿ. ಬಹುವಚನವೇ ಬೇಕೆಂದರೆ ಎಲ್ಲರಿಗೂ ಬಡಿಸಿ, ಅದಕ್ಕೂ ಅಡ್ಡಿಯಿಲ್ಲ. ಅಂದ ಹಾಗೆ, ಆ ಜಾಹೀರಾತಿನ "ಓನಿ" ಕೂಡ ಒಡೆಯರು ಕರೆಯುತ್ತಿದ್ದ ಮೊಟಕು ಹೆಸರು.

ಗಂಟುಮೂಟೆ:

ವಾಷಿಂಗ್ಟನ್ ಮನೆಯಿಂದ ಹೊರಟವರಲ್ಲಿ ಹ್ಯಾರಿ ವಾಷಿಂಗ್ಟನ್ ಎಂಬುವನೂ ಇದ್ದಾನೆ. ಗಾಂಬಿಯಾ ಕಡೆಯಿಂದ ಹಿಡಿದು ತಂದಿದ್ದ ಅವನು ಯುದ್ಧದ ಹೊತ್ತಿನಲ್ಲಿ ವಾಷಿಂಗ್ಟನ್ ಮನೆತನದ ಮೌಂಟ್ ವರ್ನನ್ ಎಸ್ಟೇಟ್ ಬಿಟ್ಟು ಬ್ರಿಟಿಷರ ಕಡೆಗೆ ಓಡಿಹೋದ. ಅವರು ನ್ಯೂಯಾರ್ಕ್ ತೆರವು ಮಾಡಿದಾಗ, ತಮ್ಮೊಂದಿಗೆ ಹೊರಟ ಸುಮಾರು 3,000 ಕರಿಯ ಜನರ ಹೆಸರು, ವಯಸ್ಸು, ಹಿಂದಿನ ಒಡೆಯನ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರು. ಹ್ಯಾರಿಯೂ ಅದರಲ್ಲಿದ್ದಾನೆ. ಮುಂದೆ ನೋವಾ ಸ್ಕೋಷಿಯಾದ ಚಳಿ, 1792ರಲ್ಲಿ ಹದಿನೈದು ಹಡಗುಗಳಲ್ಲಿ ಸಿಯೆರಾ ಲಿಯೋನ್‌ಗೆ ಪಯಣ, ಅಲ್ಲಿ ಭೂಮಿಯ ಮೇಲೆ ವಿಧಿಸಿದ ಕಂದಾಯದ ವಿರುದ್ಧ 1800ರಲ್ಲಿ ದಂಗೆ, ಕೊನೆಗೆ ಗಡಿಪಾರು. ಬ್ರಿಟಿಷರ ತೆರಿಗೆಯ ವಿರುದ್ಧ ದಂಗೆಯೆದ್ದ ಇನ್ನೊಬ್ಬ ವಾಷಿಂಗ್ಟನ್.

ಬೆಳಗಿನ ಕಾಫಿ:

ಹೆಣ್ಣುಮಗಳ ಕಥೆಗೆ ಇನ್ನೊಂದು ಪ್ರಯತ್ನ. ಡೆಬೊರಾ ಸ್ಯಾಂಪ್ಸನ್ ಗಂಡಸಿನ ವೇಷದಲ್ಲಿ, ರಾಬರ್ಟ್ ಶರ್ಟ್ಲಿಫ್ ಎಂಬ ಹೆಸರಿನಲ್ಲಿ, 1782ರಿಂದ ಸುಮಾರು ಒಂದೂವರೆ ವರ್ಷ ಮ್ಯಾಸಚೂಸೆಟ್ಸ್ ಪಡೆಯಲ್ಲಿದ್ದು 1783ರಲ್ಲಿ ಗೌರವಯುತವಾಗಿ ಬಿಡುಗಡೆ ಪಡೆದಳು. ಅವಳಿಗೆ ಪಿಂಚಣಿ ಕೊಡಬೇಕೆಂದು 1804ರಲ್ಲಿ ಕಾಂಗ್ರೆಸ್ ಸದಸ್ಯನಿಗೆ ಪತ್ರ ಬರೆದವನು ಯಾರು ಗೊತ್ತೇ? ನಾವು ಮೇಲೆ ಬೈದ ಅದೇ ಪಾಲ್ ರಿವಿಯರ್. ಮರುವರ್ಷದಿಂದ ತಿಂಗಳಿಗೆ ನಾಲ್ಕು ಡಾಲರ್ ಬಂತು. ಅವಳು ತೀರಿಕೊಂಡ ಮೇಲೆ ಗಂಡ "ಯೋಧಳ ವಿಧುರ" ಎಂದು ಅರ್ಜಿ ಹಾಕಿದ. ಮಂಜೂರಾಗುವ ಹೊತ್ತಿಗೆ ಅವನೂ ಇರಲಿಲ್ಲ. ಸರ್ಕಾರಿ ಕಚೇರಿಗಳ ಸ್ವಭಾವ ಎಲ್ಲ ಕಾಲದಲ್ಲಿಯೂ ಒಂದೇ.

ನಕ್ಷತ್ರಿಕ:

ಬೆಂಜಮಿನ್ ಬ್ಯಾನೆಕರ್ ಹೆಸರು ಯಾರೂ ಹೇಳಲಿಲ್ಲವಲ್ಲ. ಮೇರಿಲ್ಯಾಂಡ್‌ನ ಸ್ವತಂತ್ರ ಕರಿಯ ರೈತ. ತಾನೇ ಕಲಿತ ಗಣಿತದಿಂದ ಪಂಚಾಂಗ ಬರೆದವನು. ವಾಷಿಂಗ್ಟನ್ ನಗರದ ನಕ್ಷೆಯನ್ನು ಅದನ್ನು ಮಾಡಿದ ಫ್ರೆಂಚ್ ಎಂಜಿನಿಯರ್ ಹೊತ್ತುಕೊಂಡು ಹೋದಾಗ, ಅದನ್ನು ಪೂರ್ತಿ ನೆನಪಿನಿಂದಲೇ ಮತ್ತೆ ಬರೆದವನು ಇವನೇ.

ಕಡತಪ್ರಿಯ:

ನಕ್ಷೆಯನ್ನು ನೆನಪಿನಿಂದ ಬರೆದದ್ದು ದಂತಕಥೆ. ಅವನು 1791ರ ಆರಂಭದಲ್ಲಿ ಕೆಲವು ತಿಂಗಳು ಆ ಪ್ರದೇಶದ ಗಡಿಯ ಅಳತೆಯಲ್ಲಿ ಆಂಡ್ರೂ ಎಲಿಕಾಟ್‌ನಿಗೆ ನೆರವಾದ, ಅಷ್ಟೇ. ಆದರೆ ಅವನಿಗೆ ದಂತಕಥೆಯ ಅಗತ್ಯವೇ ಇಲ್ಲ. ಆ ವರ್ಷದ ಆಗಸ್ಟ್ 19ರಂದು ತನ್ನ ಪಂಚಾಂಗದ ಹಸ್ತಪ್ರತಿಯ ಜೊತೆ ಸ್ವಾತಂತ್ರ್ಯ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್‌ಗೆ ಅವನು ಬರೆದ ಪತ್ರ ಸಾಕು. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾಗಿದ್ದಾರೆ ಎಂದು ಬರೆದ ನೀವೇ ನನ್ನ ಸೋದರರನ್ನು ಬಲವಂತದ ಸೆರೆಯಲ್ಲಿ ಇಟ್ಟಿದ್ದೀರಲ್ಲ ಎಂದು ಆ ಮನುಷ್ಯನ ಮುಖಕ್ಕೇ ಕೇಳಿದ್ದಾನೆ. ಹನ್ನೊಂದು ದಿನಕ್ಕೆ ಉತ್ತರ ಬಂತು: ವಿನಯವೇನೋ ತುಂಬಿತ್ತು, ಪ್ರಶ್ನೆಗೆ ಉತ್ತರ ಮಾತ್ರ ಇರಲಿಲ್ಲ.

ಚಾರ್ಲ್ಸ್ ನದಿಯಾಚೆ:

ನಾನು ಬಾಸ್ಟನ್ ಹತ್ತಿರ ಇರುವವಳು, ತಡವಾಗಿ ನೋಡಿದೆ. ಎಲಿಜಬೆತ್ ಫ್ರೀಮನ್ ಹೆಸರು ಇಷ್ಟು ಹೊತ್ತಾದರೂ ಬಾರದಿರುವುದು ಆಶ್ಚರ್ಯ. ಮ್ಯಾಸಚೂಸೆಟ್ಸ್‌ನ ಪಶ್ಚಿಮದ ತುದಿಯ ಶೆಫೀಲ್ಡ್ ಊರಿನಲ್ಲಿ ಜಾನ್ ಆಶ್ಲಿಯ ಮನೆಯಲ್ಲಿ ಆಕೆ ಗುಲಾಮಳಾಗಿದ್ದಾಗ ಎಲ್ಲರೂ ಕರೆಯುತ್ತಿದ್ದ ಹೆಸರು ಬೆಟ್. ಮನೆಯೊಡತಿ ಒಮ್ಮೆ ಕೋಪದಿಂದ ಕಾದ ಸಲಾಕೆಯನ್ನು ಇನ್ನೊಬ್ಬ ಹುಡುಗಿಯ ಮೇಲೆ ಬೀಸಿದಾಗ ಬೆಟ್ ನಡುವೆ ಕೈಯೊಡ್ಡಿದರು. ಆ ಗಾಯ ಮಾಯಲಿಲ್ಲ. ಅವರು ಅದನ್ನು ಮುಚ್ಚಿಕೊಳ್ಳಲೂ ಇಲ್ಲ. ಯಾರಾದರೂ ಕೇಳಿದರೆ, ಒಡತಿಯನ್ನೇ ಕೇಳಿ ಎನ್ನುತ್ತಿದ್ದರಂತೆ.

1780ರಲ್ಲಿ ರಾಜ್ಯದ ಹೊಸ ಸಂವಿಧಾನ ಬಂತು. ಎಲ್ಲ ಮನುಷ್ಯರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟಿದ್ದಾರೆ ಎಂಬ ಮಾತು ಅದರಲ್ಲಿತ್ತು. ಓದಲು ಬಾರದ ಬೆಟ್ ಅದನ್ನು ಕಿವಿಯಿಂದ ಕೇಳಿಸಿಕೊಂಡು, ಥಿಯೋಡರ್ ಸೆಜ್‌ವಿಕ್ ಎಂಬ ವಕೀಲನ ಬಳಿಗೆ ಹೋಗಿ, ಆ ಮಾತು ತನಗೂ ಅನ್ವಯಿಸುವುದಿಲ್ಲವೇ ಎಂದು ಕೇಳಿದರು. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ನ್ಯಾಯಾಲಯದಲ್ಲಿ ಬ್ರಾಮ್ ಎಂಬ ಇನ್ನೊಬ್ಬ ಗುಲಾಮನ ಜೊತೆ ಹೂಡಿದ ಮೊಕದ್ದಮೆಯಲ್ಲಿ ಪಂಚರು ಅವರ ಪರವಾಗಿ ತೀರ್ಪು ಕೊಟ್ಟು, ಮೂವತ್ತು ಶಿಲಿಂಗ್ ಪರಿಹಾರವನ್ನೂ ಕೊಡಿಸಿದರು. ಇದರಲ್ಲಿ ಒಂದು ಚೋದ್ಯವಿದೆ. ಮನುಷ್ಯರೆಲ್ಲ ಸಮಾನರು ಎಂದು ಬ್ರಿಟಿಷರ ವಿರುದ್ಧ ಶೆಫೀಲ್ಡ್ ಊರಿನವರು 1773ರಲ್ಲಿ ಮಾಡಿದ ನಿರ್ಣಯ ಸಿದ್ಧವಾದದ್ದು ಆಶ್ಲಿಯ ಅದೇ ಮನೆಯಲ್ಲಿ, ಅದನ್ನು ಬರೆದವನು ಅದೇ ಸೆಜ್‌ವಿಕ್. ಬೆಟ್ ಆಗ ಆ ಮನೆಯಲ್ಲಿಯೇ ದುಡಿಯುತ್ತಿದ್ದರು.

ಗೆದ್ದ ಮೇಲೆ ಆಶ್ಲಿ ಸಂಬಳ ಕೊಡುತ್ತೇನೆ, ಮರಳಿ ಬಾ ಎಂದ. ಅವರು ಹೋಗಲಿಲ್ಲ. ಎಲಿಜಬೆತ್ ಫ್ರೀಮನ್ ಎಂಬ ಹೆಸರಿಟ್ಟುಕೊಂಡು ಸೆಜ್‌ವಿಕ್ ಮನೆಯಲ್ಲಿ ದುಡಿದು, ಮುಂದೆ ಸ್ವಂತ ಮನೆ ಮಾಡಿಕೊಂಡು, 1829ರಲ್ಲಿ ತೀರಿಕೊಂಡರು.

ಕಡತಪ್ರಿಯ:

ನ್ಯಾಯಾಲಯದ ದಾಖಲೆ ಇರುವುದರಿಂದ ನನ್ನ ಪೂರ್ತಿ ಒಪ್ಪಿಗೆಯಿದೆ. ಎರಡು ಎಚ್ಚರಿಕೆಗಳು ಮಾತ್ರ. ಸಲಾಕೆಯ ಕಥೆ ಸೆಜ್‌ವಿಕ್ ಕುಟುಂಬದವರು ನಂತರ ಬರೆದದ್ದು, ಮೊಕದ್ದಮೆಯ ಕಡತದಲ್ಲಿ ಇಲ್ಲ. ಎರಡನೆಯದಾಗಿ, ಈ ಒಂದೇ ತೀರ್ಪಿನಿಂದ ರಾಜ್ಯದಲ್ಲಿ ಗುಲಾಮಗಿರಿ ಮುಗಿಯಿತೆಂದು ಬರೆಯಬಾರದು. ಕ್ವಾಕ್ ವಾಕರ್ ಎಂಬುವನ ಮೊಕದ್ದಮೆಗಳೂ ಇದ್ದವು. 1783ರಲ್ಲಿ ಮುಖ್ಯ ನ್ಯಾಯಾಧೀಶ ಕಶಿಂಗ್, ಗುಲಾಮಗಿರಿ ಈ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಪಂಚರಿಗೆ ಹೇಳಿದ. 1790ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸ್‌ನ ಗುಲಾಮರ ಕಾಲಂನಲ್ಲಿ ಸೊನ್ನೆ ಇದೆ.

ಬಿಳಿಜೋಳ:

ಸಲಾಕೆಯ ಕಥೆಗೂ ರಸೀದಿ ಬೇಕಾಯಿತೇ?

ಕಡತಪ್ರಿಯ:

ಬೇಡ. ಯಾರು, ಯಾವಾಗ ಬರೆದರು ಎಂದು ಒಂದು ಸಾಲು ಸೇರಿಸಿದರೆ ಸಾಕು.

ಯಾರ್ಕ್ ನದಿತೀರ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಇದೆಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ನಾನು ಜೇಮ್ಸ್ ಕಡೆಗೆ ವಾಲಿದ್ದೆ, ಯಾರ್ಕ್‌ಟೌನ್ ಮನೆಯ ಹತ್ತಿರವೇ ಇದೆಯಲ್ಲ ಎಂದು. ಅವಳು ಎಲಿಜಬೆತ್ ಫ್ರೀಮನ್ ಅವರನ್ನು ಆರಿಸಿಕೊಂಡಳು. ಈಗ ಹೊಸ ತಕರಾರು ಎದ್ದಿದೆ: ನ್ಯಾಯಾಲಯದ ಕಡತದಲ್ಲಿ "ಬೆಟ್" ಎಂದಷ್ಟೇ ಇದೆ, ಪ್ರಬಂಧದ ತಲೆಬರಹದಲ್ಲಿ ಯಾವ ಹೆಸರು ಹಾಕಬೇಕು ಎಂದು ಕೇಳುತ್ತಿದ್ದಾಳೆ.

ಮಲೆನಾಡಿನ ಮೇಷ್ಟ್ರು:

ತಲೆಬರಹದಲ್ಲಿ ಎಲಿಜಬೆತ್ ಫ್ರೀಮನ್. ಬೆಟ್ ಎಂಬುದು ಒಳಗೆ, ಕಡತವನ್ನು ಉಲ್ಲೇಖಿಸುವ ಜಾಗದಲ್ಲಿ ಬರಲಿ. ನಾನು ಹೇಳಿದ ಜೇಮ್ಸ್ ಕೂಡ ಬಿಡುಗಡೆಯ ನಂತರ ತನ್ನನ್ನು ಜೇಮ್ಸ್ ಲಫಾಯೆತ್ ಎಂದೇ ಕರೆದುಕೊಂಡ. ಜನ ಇಂದಿಗೂ ಅವನಿಗೆ ಒಡೆಯನ ಆರ್ಮಿಸ್ಟೆಡ್ ಹೆಸರನ್ನೇ ಅಂಟಿಸುತ್ತಾರೆ. 1824ರಲ್ಲಿ ರಿಚ್ಮಂಡ್‌ನ ಜನಜಂಗುಳಿಯಲ್ಲಿ ಅವನನ್ನು ಗುರುತು ಹಿಡಿದು ಮುದುಕ ಲಫಾಯೆತ್ ಅಪ್ಪಿಕೊಂಡಾಗ, ಇಬ್ಬರದೂ ಒಂದೇ ಹೆಸರು.

ಚಾರ್ಲ್ಸ್ ನದಿಯಾಚೆ:

1811ರಲ್ಲಿ ಸೆಜ್‌ವಿಕ್ ಕುಟುಂಬದ ಸೊಸೆಯೊಬ್ಬರು ಬರೆದ ಅವರ ಪುಟ್ಟ ವರ್ಣಚಿತ್ರ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. ನೀಲಿ ಉಡುಗೆ, ಬಿಳಿಯ ಟೋಪಿ, ಕೊರಳಲ್ಲಿ ಚಿನ್ನದ ಗುಂಡಿನ ಸರ. ಆ ಸರದ ಗುಂಡುಗಳಿಂದ ಆಮೇಲೆ ಮಾಡಿಸಿದ ಬಳೆಯೂ ಅಲ್ಲಿಯೇ ಇದೆ. ಆ ಚಿತ್ರವೂ ಅವರ ಜೀವಿತಕಾಲದ ದಾಖಲೆಯೇ ತಾನೆ? ಬರುವುದಾದರೆ ಮೊದಲೇ ಫೋನ್ ಮಾಡಿ ಕೇಳಿಕೊಂಡು ಬನ್ನಿ, ಎಲ್ಲ ವಸ್ತುಗಳೂ ಸದಾ ಹೊರಗಿರುವುದಿಲ್ಲ.

ಯಾರ್ಕ್ ನದಿತೀರ:

ನಸುಕಿನಲ್ಲಿ ಹೊರಟರೆ ರಾತ್ರಿಯೊಳಗೆ ಬಾಸ್ಟನ್ ತಲುಪಬಹುದೇನೋ. ಬಳೆಯ ವಿಷಯ ಕೇಳಿದ ಕೂಡಲೇ ಮಗಳು ಕ್ಯಾಲೆಂಡರ್ ತಂದು ಮುಂದಿಟ್ಟಿದ್ದಾಳೆ.